ಪೇಢಾದ ಇತಿಹಾಸ ಗೊತ್ತು, ಗಿರ್ಮಿಟ್‌ದು ಯಾರಿಗೆ ಗೊತ್ತೈತಿ?

ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ಬಂದವರು ಇಲ್ಲಿ ಏನು ತಿನ್ನಬೇಕು ಅಂತ ಕೇಳಿದ್ರೆ ನಾವೆಲ್ಲ ಹೇಳೋದು ಎರಡೇ. ಧಾರವಾಡದಾಗ ಪೇಢಾ, ಹುಬ್ಬಳ್ಳಿ ದುರ್ಗದ ಬೈಲಿನಾಗ ಗಿರ್ಮಿಟ್ ಮತ್ತು ಮಿರ್ಚಿ. ಪೇಢಾದ ಕಥೆ ಊರಾಗ ಯಾರನ್ನ ಕೇಳಿದ್ರೂ ಹೇಳ್ತಾರೆ. ಗಿರ್ಮಿಟ್ ಮೊದಲು ಮಾಡಿದವರು ಯಾರು ಅಂತ ಕೇಳಿ ನೋಡ್ರಿ, ಎಲ್ಲರೂ ಗಪ್‌ಚುಪ್. ನಾನು ಬಿ.ಕಾಂ. ಓದಿದವನು. ಹಂಗಾಗಿ ಇವತ್ತು ಇದನ್ನ ವ್ಯಾಪಾರದ ಕಣ್ಣಿನಿಂದ ನೋಡೋಣ.

ಮೊದಲು ಪೇಢಾ. ಪ್ಲೇಗ್ ಕಾಲದಲ್ಲಿ ಈಗಿನ ಉತ್ತರ ಪ್ರದೇಶದ ಉನ್ನಾವ್‌ನಿಂದ ಠಾಕೂರ್ ಮನೆತನದವರು ಧಾರವಾಡಕ್ಕೆ ಬಂದರು. ರಾಮರತನ್ ಸಿಂಗ್ ಠಾಕೂರ್ ಪೇಢಾ ಮಾಡಿ ಮಾರೋಕೆ ಶುರು ಮಾಡಿದರು. ಮುಂದೆ ಬಾಬುಸಿಂಗ್ ಠಾಕೂರ್ ಹೆಸರಿನಿಂದ ಲೈನ್ ಬಜಾರಿನ ಅಂಗಡಿ ಊರಿಗೇ ಗುರುತಾಯಿತು. ಹಾಲು ಕುದಿಸಿ ಖೋವಾ ಮಾಡಿ, ಸಕ್ಕರೆ ಸೇರಿಸಿ, ಕಂದು ಬಣ್ಣ ಬರೋತನಕ ಹುರಿಯುತ್ತಾರೆ. ನೀರಿನಂಶ ಹೋಗೋದ್ರಿಂದ ಪೇಢಾ ಬೇಗ ಕೆಡೋದಿಲ್ಲ.

ಕೆಡದೇ ಇರೋ ಸಾಮಾನು ದೂರ ಹೋಗ್ತದ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಭಾಗಕ್ಕೆ ಹಳಿ ಹಾಕಿತ್ತು. ಊರಿಗೆ ಬಂದವರು ವಾಪಸ್ ಹೋಗುವಾಗ ಪೇಢಾ ಡಬ್ಬಿ ಕಟ್ಟಿಸಿಕೊಂಡು ರೈಲು ಹತ್ತಿದರು. ಡಬ್ಬಿ ಮೇಲೆ ಅಂಗಡಿ ಹೆಸರು, ಊರಿನ ಹೆಸರು. ಕೊನೆಗೆ ಜಿಐ ಟ್ಯಾಗೂ ಬಂತು. ಅಂದ್ರೆ ವಿಳಾಸ ಇತ್ತು, ಕಾಗದ ಇತ್ತು, ಇತಿಹಾಸ ಉಳೀತು.

ಈಗ ಗಿರ್ಮಿಟ್. ಉಳ್ಳಾಗಡ್ಡಿ, ಅರಿಶಿನ, ಹುಣಸೆರಸ, ಬೆಲ್ಲದ ಒಗ್ಗರಣೆ ಮೊದಲೇ ತಯಾರಿರ್ತದ. ನೀವು ಕೇಳಿದ ಮೇಲೆ ಅದಕ್ಕೆ ಚುರುಮುರಿ, ಪುಟಾಣಿ ಹಿಟ್ಟು ಹಾಕಿ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಟೊಮ್ಯಾಟೊ, ಕೊತ್ತಂಬರಿ, ಸೇವು. ಪಕ್ಕದಾಗ ಬಿಸಿ ಮಿರ್ಚಿ. ಹತ್ತು ನಿಮಿಷ ಬಿಟ್ರೆ ಚುರುಮುರಿ ಮೆತ್ತಗಾಗಿ ರುಚಿ ಹೋತು. ಡಬ್ಬಿಗೆ ಹಾಕಿ ಬೆಂಗಳೂರಿಗೆ ಒಯ್ಯೋ ಮಾತೇ ಇಲ್ಲ. ಗಾಡಿ ಮುಂದೆ ನಿಂತು ತಿಂದು, ಕೈ ಒರೆಸಿಕೊಂಡು ಹೋಗಬೇಕು.

ಹಂಗಂತ ಅದಕ್ಕೆ ಇತಿಹಾಸ ಇಲ್ಲ ಅನ್ನೋಂಗಿಲ್ಲ. ಮೆಣಸಿನಕಾಯಿ, ಟೊಮ್ಯಾಟೊ ಎರಡೂ ಮೂಲದಲ್ಲಿ ಅಮೆರಿಕ ಖಂಡದವು. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ ಭಾರತಕ್ಕೆ ಬಂದದ್ದು ಅವರಿಂದ. ಅದಕ್ಕೂ ಮೊದಲು ನಮ್ಮ ಅಡುಗೆಯ ಖಾರ ಅಂದ್ರೆ ಕಾಳುಮೆಣಸು. ಅಂದ್ರೆ ನಾವು 'ಅಪ್ಪಟ ನಮ್ದು' ಅನ್ನೋ ಮಿರ್ಚಿ 16ನೇ ಶತಮಾನಕ್ಕಿಂತ ಹಳೇದಾಗಿರೋಕೆ ಸಾಧ್ಯವಿಲ್ಲ. ಅಷ್ಟು ದೂರದಿಂದ ಬಂದ ಕಾಯಿಯನ್ನ ಕಡ್ಲಿಹಿಟ್ಟಿನಾಗ ಅದ್ದಿ ನಮ್ಮೂರಿನದು ಮಾಡಿದ ಜನರ ಹೆಸರು ಮಾತ್ರ ಎಲ್ಲೂ ಬರೆದಿಲ್ಲ. ಅವರಿಗೆ ಬೋರ್ಡು ಇರಲಿಲ್ಲ, ಬಿಲ್‌ಬುಕ್ ಇರಲಿಲ್ಲ.

ಬರೆದಿಲ್ಲ ಅಂದ್ರೆ ಏನು ಲುಕ್ಸಾನು ಅಂತೀರಾ? ಐತ್ರಿ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಾಲಿಕೆ ಸಮೀಕ್ಷೆ ಮಾಡಿ, ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡಬೇಕು. ಅಲ್ಲೀತನಕ ಎಬ್ಬಿಸೋಂಗಿಲ್ಲ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಇನ್ನೊಂದು ಮಾತಿದೆ: ಬೀದಿ ವ್ಯಾಪಾರಿಗಳು 50 ವರ್ಷಕ್ಕಿಂತ ಹೆಚ್ಚು ಕಾಲ ವ್ಯಾಪಾರ ಮಾಡಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರ ಮಾಡಬಾರದು. ಅರ್ಥ ಆತಲ್ಲ? ಗಾಡಿಯವರಿಗೆ ಇತಿಹಾಸ ಅನ್ನೋದು ಹೊಟ್ಟೆಪಾಡಿನ ಪ್ರಶ್ನೆ. ರಸ್ತೆ ಅಗಲ ಮಾಡ್ತೀವಿ ಅಂತ ನಾಳೆ ಯಾರೋ ಬಂದ್ರೆ, 'ನಾವು 50 ವರ್ಷದಿಂದ ಇಲ್ಲೇ ಇದೀವಿ' ಅಂತ ತೋರಿಸೋಕೆ ಏನಾದ್ರೂ ಬೇಕು.

ಅದನ್ನ ನೀವೂ ಕೂಡಿಡಬಹುದು. ಫೋನ್ ಕೈಯಾಗೇ ಐತಿ. ಮನೆಯಾಗಿನ ಅಜ್ಜ-ಅಜ್ಜಿಗೆ ಕೇಳ್ರಿ: 1962ರಾಗ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆ ಆದಾಗ ದುರ್ಗದ ಬೈಲಿನಾಗ ಏನು ಮಾರ್ತಿದ್ರು? ಗಿರ್ಮಿಟ್ ಎಷ್ಟು ಪೈಸೆ ಇತ್ತು? ಯಾರ ಗಾಡಿ, ಯಾವ ಮೂಲೆ? ರೆಕಾರ್ಡ್ ಮಾಡಿಕೊಳ್ರಿ. ಹಳೇ ಫೋಟೊದ ಹಿಂದೆ ಒಂದು ಗಾಡಿ ಕಂಡ್ರೆ ತಾರೀಕು ಬರೆದಿಡ್ರಿ. ಗಾಡಿ ಕಾಕಾಗೂ ಒಂದು ಮಾತು ಕೇಳ್ರಿ, ಆದರೆ ಗಿರಾಕಿ ಕಡಿಮೆ ಇದ್ದಾಗ.

ಮುಂದಿನ ವಾರ ಸಿಗೋಣ್ರಿ.