ತಲೆಬುರುಡೆ ಹೇಳದ ಮಾತು



ಮಾನವಶಾಸ್ತ್ರವೆಂದರೆ ಮನುಷ್ಯನನ್ನು ಎಲ್ಲ ಮಗ್ಗುಲುಗಳಿಂದಲೂ ಅರಿಯುವ ಶಾಸ್ತ್ರ. ಆದರೆ ಇದೇ ಶಾಸ್ತ್ರ ಮನುಷ್ಯರಲ್ಲಿ ಮೇಲು-ಕೀಳುಗಳನ್ನು ಅಳೆಯಲು ಹೊರಟ ಕಾಲವೂ ಒಂದಿತ್ತು.

1920ರ ದಶಕದ ಕೊನೆಯಲ್ಲಿ ಇರಾವತಿ ಕರ್ವೆ (1905–1970) ಸಂಶೋಧನೆಗೆಂದು ಬರ್ಲಿನ್ನಿಗೆ ಹೋದರು. ಅವರ ಮಾರ್ಗದರ್ಶಕ ಓಯ್ಗೆನ್ ಫಿಷರ್. ಯುರೋಪಿಯನ್ನರ ತಲೆಬುರುಡೆಯ ಎಡ-ಬಲಗಳ ಅಸಮತೆ ಇತರರಿಗಿಂತ ಹೆಚ್ಚು, ಅದು ಅವರ ಬುದ್ಧಿಯ ಮೇಲ್ಮೆಯ ಗುರುತು ಎಂಬುದು ಆತನ ಊಹೆ. ಕರ್ವೆ 149 ಬುರುಡೆಗಳನ್ನು ಅಳೆದರು. ಆಫ್ರಿಕದ ವಸಾಹತುಗಳಿಂದ ಯಾರ ಒಪ್ಪಿಗೆಯೂ ಇಲ್ಲದೆ ತಂದವೂ ಅವುಗಳಲ್ಲಿದ್ದವು. ಅಸಮತೆಗೂ ಜನಾಂಗಕ್ಕೂ ಸಂಬಂಧವಿಲ್ಲವೆಂದು ಅಳತೆಗಳು ಹೇಳಿದವು. ಅವರು ಹಾಗೆಯೇ ಬರೆದರು, ಡಾಕ್ಟರೇಟ್ ಪಡೆದರು. ಗುರುವಿನ ಎದುರೇ ಹಾಗೆ ಬರೆಯುವುದು ಸಣ್ಣ ಮಾತಲ್ಲ. 1933ರ ನಂತರ ಫಿಷರ್ ನಾಜಿ ಆಡಳಿತದ ಜನಾಂಗನೀತಿಗೆ ಬೆಂಬಲವಾಗಿ ನಿಂತ.

ಹೀಗೆ ದೇಹರಚನೆ, ವಿಕಾಸಗಳನ್ನು ಅಭ್ಯಸಿಸುವುದು ಭೌತಿಕ ಮಾನವಶಾಸ್ತ್ರ. ಭಾರತಕ್ಕೆ ಮರಳಿದ ಮೇಲೂ ಕರ್ವೆ ಮಹಾರಾಷ್ಟ್ರದ ಜಾತಿಗಳ ದೇಹಮಾಪನ ಮಾಡಿದರು. ಅಳತೆಯ ಹಂಬಲ ಅವರನ್ನು ಬಿಟ್ಟಿರಲಿಲ್ಲವೆನ್ನಬೇಕು. ಎರಡನೆಯದು ನೆಲವನ್ನು ಅಗೆದು ಗತಜೀವನವನ್ನು ಅರಿಯುವ ಪ್ರಾಕ್ತನಶಾಸ್ತ್ರ. 1940ರ ದಶಕದಲ್ಲಿ ಎಚ್. ಡಿ. ಸಾಂಕಲಿಯಾ ಅವರೊಡನೆ ಗುಜರಾತಿನ ಲಾಂಘಣಜದಲ್ಲಿ ಅವರು ಸೂಕ್ಷ್ಮ ಶಿಲಾಯುಧಗಳನ್ನೂ ಮಾನವ ಅಸ್ಥಿಪಂಜರಗಳನ್ನೂ ಅಭ್ಯಸಿಸಿದರು.

ಆದರೆ ಅವರ ಹಿರಿಮೆ ಇರುವುದು ಸಾಮಾಜಿಕ ಮಾನವಶಾಸ್ತ್ರದಲ್ಲಿ. 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಅದರಲ್ಲಿ ಅವರು ಹಿಡಿದ ದಾರಿ ಭಾಷೆಯದು, ಅಂದರೆ ನಾಲ್ಕನೆಯ ಶಾಖೆಯಾದ ಭಾಷಾ ಮಾನವಶಾಸ್ತ್ರದ್ದು. ನೆಂಟಸ್ತಿಕೆಯ ಪದಗಳನ್ನು ಭಾಷೆಯಿಂದ ಭಾಷೆಗೆ ಅವರು ಸಂಗ್ರಹಿಸಿದರು.

ನಮ್ಮ 'ಅತ್ತೆ'ಯನ್ನೇ ನೋಡಿ. ತಂದೆಯ ಸೋದರಿ, ಸೋದರಮಾವನ ಹೆಂಡತಿ, ಗಂಡನ ತಾಯಿ, ಮೂವರೂ ಅತ್ತೆಯೇ. ಹಿಂದಿಯಲ್ಲಾದರೆ ಬುವಾ, ಮಾಮಿ, ಸಾಸ್ ಎಂದು ಮೂರು ಪದ. ದಕ್ಷಿಣದ ಅನೇಕ ಸಮುದಾಯಗಳಲ್ಲಿ ಸೋದರತ್ತೆಯ ಅಥವಾ ಸೋದರಮಾವನ ಮಗನನ್ನು ವರಿಸುವುದು ರೂಢಿ. ಆಗ ಅತ್ತೆಯೇ ಅತ್ತೆಯಾಗುತ್ತಾಳಲ್ಲ! ಹೆಣ್ಣು ಬಲ್ಲವರ ಮನೆಗೇ ಹೋಗುತ್ತಾಳೆ. ಉತ್ತರದ ಬಹುಭಾಗದಲ್ಲಿ ರಕ್ತಸಂಬಂಧ ನಿಷಿದ್ಧ, ಊರೊಳಗಿನ ಮದುವೆಯೂ ಸಾಮಾನ್ಯವಾಗಿ ಕೂಡದು. ಅಲ್ಲಿ ಸೊಸೆ ಅಪರಿಚಿತರ ನಡುವೆ ಬಾಳುವೆ ಆರಂಭಿಸುತ್ತಾಳೆ. ತವರಿನ ಮಗಳಿಗೂ ಗಂಡನ ಮನೆಯ ಸೊಸೆಗೂ ಅಲ್ಲಿರುವಷ್ಟು ಅಂತರ ದಕ್ಷಿಣದಲ್ಲಿಲ್ಲವೆಂದು ಕರ್ವೆ ಗುರುತಿಸಿದರು.

ನಿಮ್ಮ ಮನೆಯಲ್ಲಿ ಬಳಸುವ ನೆಂಟಸ್ತಿಕೆಯ ಪದಗಳನ್ನು ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಬೇರೆ ಮನೆಮಾತಿನ ಗೆಳೆಯರ ಪಟ್ಟಿಯೊಡನೆ ಅದನ್ನು ಹೋಲಿಸಿ ನೋಡಿ.