ತೋಟೆಯ ತಳದಲ್ಲಿ ಉಳಿದ ಗುರುತು: 7.65 ಬ್ರೌನಿಂಗ್‌ನ ಚರಿತ್ರೆ

ಬೆಂಗಳೂರಿನ ಮಲ್ಲತ್ತಹಳ್ಳಿಯಿಂದ ಜ್ಞಾನಭಾರತಿ ಆವರಣವನ್ನು ಹಾಯ್ದು ಮೈಸೂರು ರಸ್ತೆ ದಾಟಿದರೆ ರಾಜರಾಜೇಶ್ವರಿನಗರ. 2017ರ ಸೆಪ್ಟೆಂಬರ್ 5ರ ರಾತ್ರಿ ಅಲ್ಲಿ, ತಮ್ಮ ಮನೆಯ ಬಾಗಿಲಲ್ಲೇ, ಪತ್ರಿಕಾ ಸಂಪಾದಕಿ ಗೌರಿ ಲಂಕೇಶ್ ಗುಂಡೇಟಿಗೆ ಬಲಿಯಾದರು. ಆಗ ಕನ್ನಡ ಪತ್ರಿಕೆಗಳಲ್ಲಿ ಒಂದು ಸಂಖ್ಯೆ ಮತ್ತೆ ಮತ್ತೆ ಅಚ್ಚಾಯಿತು: 7.65. ಎರಡು ವರ್ಷ ಹಿಂದೆ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರದಲ್ಲಿ ವಿದ್ವಾಂಸ ಎಂ.ಎಂ. ಕಲಬುರ್ಗಿಯವರು ಹತರಾದಾಗಲೂ ಕೇಳಿದ್ದು ಅದೇ ಸಂಖ್ಯೆ. ಅದು ಎಲ್ಲಿಂದ ಹೊರಟು ನಮ್ಮ ಓಣಿಗೆ ಬಂತು ಎಂಬುದನ್ನು ಹುಡುಕುವುದು ಈ ಲೇಖನದ ಕೆಲಸ.

ಮೊದಲು ಮಾತಿನ ಗೊಂದಲ ಬಿಡಿಸಿಕೊಳ್ಳಬೇಕು. ಮಲೆನಾಡಿನವರು ‘ಕೇಪಿನ ಕೋವಿ’, ‘ತೋಟೆ ಕೋವಿ’ ಎಂದು ಎರಡು ಬಗೆ ಹೇಳುತ್ತಾರೆ. ಕೇಪಿನ ಕೋವಿಗೆ ಮದ್ದು, ಗುಂಡುಗಳನ್ನು ಬೇರೆಬೇರೆಯಾಗಿ ನಳಿಗೆಯ ಬಾಯಿಂದ ಜಡಿಯಬೇಕು. ತೋಟೆಯಲ್ಲಾದರೋ ಕೋಶ, ಕೇಪು, ಮದ್ದು, ಗುಂಡು ನಾಲ್ಕೂ ಒಂದೇ ಕಟ್ಟು. ಹಾರಿದ ಮೇಲೆ ಗುಂಡು ಗುರಿಯತ್ತ ಹೋಗುತ್ತದೆ, ಖಾಲಿ ಕೋಶ ಹಾರಿಸಿದವನ ಕಾಲಬಳಿ ಬೀಳುತ್ತದೆ. ವರದಿಗಳು ಎರಡನ್ನೂ ‘ಗುಂಡು’ ಎಂದೇ ಬರೆದುಬಿಡುತ್ತವೆ. ಈ ಚರಿತ್ರೆಗೆ ಆ ವ್ಯತ್ಯಾಸವೇ ಜೀವಾಳ.

ಆ 7.65 (ಮಿ.ಮೀ.ಯಲ್ಲಿ ನಳಿಗೆಯ ಅಳತೆ) ಎಂಬ ತೋಟೆಯನ್ನು ರೂಪಿಸಿದವನು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. 1899ರಲ್ಲಿ ಬೆಲ್ಜಿಯಂನ ಹರ್ಸ್ಟಾಲ್‌ನಲ್ಲಿರುವ ಎಫ್.ಎನ್. ಕಾರ್ಖಾನೆ ಇದನ್ನು ತನ್ನ ಪಿಸ್ತೂಲಿನೊಡನೆ ಹೊರತಂದಿತು. ಕೋಶದ ಉದ್ದ 17 ಮಿ.ಮೀ., ಗುಂಡಿನ ತೂಕ ಐದು ಗ್ರಾಮಿಗೂ ಕಡಿಮೆ. ಅಮೆರಿಕದಲ್ಲಿ ಇದೇ .32 ಎ.ಸಿ.ಪಿ. ಆಯಿತು. ಲೂಗರ್ ಪಿಸ್ತೂಲಿಗೂ ಒಂದು 7.65 ತೋಟೆ ಇದೆ, ಅದು ಬೇರೆ. ಹಾಗಾಗಿ ಬರೀ ಸಂಖ್ಯೆ ಬರೆದರೆ ಸಾಲದು.

ಬ್ರೌನಿಂಗ್‌ಗೆ ಬೇಕಾಗಿದ್ದು ಕಿಸೆಯಲ್ಲಿ ಅಡಗುವ, ತಾನಾಗಿ ಮರುತುಂಬಿಕೊಳ್ಳುವ ಆತ್ಮರಕ್ಷಣೆಯ ಆಯುಧ. ಅದಕ್ಕೆಂದೇ ತೋಟೆಯ ಒತ್ತಡವನ್ನು ಮಿತವಾಗಿಟ್ಟ. ಒತ್ತಡ ಕಡಿಮೆಯಾದ್ದರಿಂದ ನಳಿಗೆಯನ್ನು ಬಂಧಿಸುವ ಬೀಗದ ಏರ್ಪಾಡು ಬೇಕಾಗಲಿಲ್ಲ. ಹಿಂದಕ್ಕೆ ಸರಿಯುವ ಸ್ಲೈಡಿನ ಭಾರ, ಸ್ಪ್ರಿಂಗಿನ ಬಿಗಿ ಸಾಕಾಯಿತು. ಯಂತ್ರ ಸರಳವಾಯಿತು, ಅಗ್ಗವಾಯಿತು. ನಕಲು ಮಾಡುವುದೂ ಸುಲಭವಾಯಿತು. ನಮ್ಮ ವರದಿಗಳಲ್ಲಿ ‘7.65 ನಾಡಪಿಸ್ತೂಲು’ ಎಂಬ ಮಾತು ಬರುವುದರ ಬೇರು ಈ ಸರಳತೆಯಲ್ಲಿದೆ ಎಂದು ನಾನು ತಿಳಿಯುತ್ತೇನೆ.

ಆತ್ಮರಕ್ಷಣೆಯ ಹೆಸರು ಬಹುಕಾಲ ಶುದ್ಧವಾಗಿ ಉಳಿಯಲಿಲ್ಲ. 1904ರಲ್ಲಿ ಹೆಲ್ಸಿಂಕಿಯಲ್ಲಿ ರಷ್ಯದ ಗವರ್ನರ್ ಜನರಲ್ ಬೊಬ್ರಿಕೋವ್, 1909ರಲ್ಲಿ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಜಪಾನಿನ ಮುತ್ಸದ್ದಿ ಇಟೊ ಹಿರೊಬುಮಿ ಬಿದ್ದದ್ದು ಇದೇ ಮೊದಲ ಮಾದರಿಯ ಪಿಸ್ತೂಲಿಗೆ. ಆಸ್ಟ್ರಿಯದ ಯುವರಾಜನ ಸರಾಯೆವೊ ಹತ್ಯೆಯನ್ನೂ ಈ ಪಟ್ಟಿಗೆ ಸೇರಿಸುವ ರೂಢಿಯಿದೆ. ಅದು ಸರಿಯಲ್ಲ: 1914ರಲ್ಲಿ ಹಂತಕ ಪ್ರಿನ್ಸಿಪ್ ಬಳಸಿದ್ದು ಬ್ರೌನಿಂಗ್‌ನದೇ ಇನ್ನೊಂದು ತೋಟೆ, ಮೋಟು 9 ಎಂ.ಎಂ. 1948ರಲ್ಲಿ ಗಾಂಧೀಜಿಯ ಎದೆಗೆ ತಾಗಿದ ಬೆರೆಟ್ಟಾ ಗುಂಡುಗಳೂ ಆ ಜಾತಿಯವೇ.

ಭಾರತದಲ್ಲಿ 7.65 ತೋಟೆಗೆ ಜಾಗ ಮಾಡಿಕೊಟ್ಟದ್ದು ಕಾನೂನು. ಸೇನೆಯ ಉಗ್ರಾಣದ ತೋಟೆ ಖಾಸಗಿ ಕೋವಿಗೆ ಹೊಂದಬಾರದು ಎಂಬುದು ಬ್ರಿಟಿಷರ ಕಾಲದಿಂದ ಬಂದ ಎಚ್ಚರ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲೂ ಆ ಧೋರಣೆ ಉಳಿದಿದೆ: ಸೇನೆಯ 9 ಎಂ.ಎಂ. ತೋಟೆಯನ್ನು ಹಾರಿಸಬಲ್ಲ ಪಿಸ್ತೂಲು ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಕೋವಿ ಯಾವ ಜಾತಿಯದೆಂದು ಕಾನೂನು ಅದು ನುಂಗುವ ತೋಟೆಯಿಂದ ತೀರ್ಮಾನಿಸುತ್ತದೆ. ನಿರ್ಬಂಧವಿಲ್ಲದ .32 ಹೀಗೆ ಪರವಾನಗಿದಾರರ ಅಳತೆಯಾಯಿತು; ಸರ್ಕಾರಿ ಕಾರ್ಖಾನೆಗಳ ‘ಅಶನಿ’ ಪಿಸ್ತೂಲು ಈ ತೋಟೆಯದೇ. ಕಾನ್ಪುರದ .32 ರಿವಾಲ್ವರಿನ ತೋಟೆ ಮಾತ್ರ ಬೇರೆ, ಇದಕ್ಕಿಂತ ಉದ್ದ.

ಆತ್ಮರಕ್ಷಣೆ ಎಂಬ ಮಾತಿಗೆ ಸೈನ್ಯಗಳು ಆಮೇಲೆ ಬೇರೆ ಅರ್ಥ ಕೊಟ್ಟವು. 1980ರ ದಶಕದ ಕೊನೆಗೆ ನ್ಯಾಟೊ ಕೂಟವು ಗುಂಡುನಿರೋಧಕ ಅಂಗಿಯನ್ನು ಭೇದಿಸುವ ಪುಟ್ಟ ಆಯುಧ ಬೇಕೆಂದಿತು, ಅದೇ ಎಫ್.ಎನ್. 5.7×28 ಎಂ.ಎಂ. ತೋಟೆಯನ್ನು ತಂದಿತು. ನಮ್ಮಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಓ.ದ ಪುಣೆ ಪ್ರಯೋಗಾಲಯ 5.56×30 ಎಂ.ಎಂ. ತೋಟೆಯ ಕಾರ್ಬೈನನ್ನು ರೂಪಿಸಿತು. 2020ರ ಡಿಸೆಂಬರ್‌ನಲ್ಲಿ ಅದು ಸೇನೆಯ ಕೊನೆಯ ಹಂತದ ಪರೀಕ್ಷೆ ಮುಗಿಸಿತು. ಇವುಗಳ ಎದುರು 7.65 ದುರ್ಬಲ, ಅಂಥ ಅಂಗಿಯ ಮುಂದೆ ಸೋಲುತ್ತದೆ. ಆದರೆ ಬೆಳಿಗ್ಗೆ ಬಂದವರಿಗೆ ಬಾಗಿಲು ತೆರೆಯುವ ವಿದ್ವಾಂಸರ ಮೈಮೇಲೆ, ಕೆಲಸ ಮುಗಿಸಿ ಮನೆಗೆ ಮರಳುವ ಸಂಪಾದಕಿಯ ಮೈಮೇಲೆ ಅಂಥ ಅಂಗಿ ಇರಲಿಲ್ಲ.

ಕಾಲಬಳಿ ಬಿದ್ದ ಕೋಶಕ್ಕೆ ಮರಳುತ್ತೇನೆ. ಕುದುರೆ ಎಳೆದಾಗ ಮೊಳೆ ಕೇಪಿಗೆ ಕುಟ್ಟಿ ಕುಳಿ ಮಾಡುತ್ತದೆ. ಸ್ಫೋಟದ ಒತ್ತಡಕ್ಕೆ ಕೋಶದ ಮೆದು ಹಿತ್ತಾಳೆ ಅದರ ಹಿಂದಿರುವ ಪಿಸ್ತೂಲಿನ ಉಕ್ಕಿಗೆ ಒತ್ತಿಕೊಂಡು ಅದರ ಗೀರುಗಳನ್ನು ತನ್ನ ತಳದಲ್ಲಿ ಪಡೆಯುತ್ತದೆ. ಕೈಯಿಂದ ಅರ ಹಾಕಿ ಮಾಡಿದ ನಾಡಪಿಸ್ತೂಲುಗಳಲ್ಲಿ ಒಂದರ ಗೀರುಗಳಂತೆ ಇನ್ನೊಂದರವು ಇರುವುದು ಕಷ್ಟ. 1920ರ ದಶಕದಲ್ಲಿ ಬಂದ ತುಲನಾ ಸೂಕ್ಷ್ಮದರ್ಶಕ ಎರಡು ಕೋಶಗಳನ್ನು ಒಂದೇ ನೋಟದಲ್ಲಿ ಅಕ್ಕಪಕ್ಕ ಇರಿಸಿತು. ಧಾರವಾಡ ಮತ್ತು ರಾಜರಾಜೇಶ್ವರಿನಗರದ ಖಾಲಿ ಕೋಶಗಳನ್ನು ಹೀಗೆ ಹೋಲಿಸಿದ ವಿಧಿವಿಜ್ಞಾನ ತಜ್ಞರು, ಎರಡೂ ಕಡೆ ಹಾರಿದ್ದು ಒಂದೇ ಪಿಸ್ತೂಲಿನಿಂದ ಎಂದು ಅಭಿಪ್ರಾಯ ಕೊಟ್ಟರು.

ಕಲಬುರ್ಗಿಯವರು ಶಾಸನತಜ್ಞರು. ಸವೆದ ಕಲ್ಲಿನ ಮೇಲೆ ಅಕ್ಷರದ ತಿರುವನ್ನು ಇನ್ನೊಂದು ಕಲ್ಲಿನ ತಿರುವಿಗೆ ಹೋಲಿಸಿ ಕಾಲ ಗುರುತಿಸುವ ವಿದ್ಯೆಯಲ್ಲಿ ಬಾಳು ಸವೆಸಿದವರು. ಅವರ ಸಾವಿನ ಪ್ರಕರಣವನ್ನು ಗೌರಿಯವರ ಪ್ರಕರಣಕ್ಕೆ ಜೋಡಿಸಿದ್ದೂ ಅದೇ ಬಗೆಯ ಓದು. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಧಾರವಾಡದ ತನಿಖೆಯನ್ನು, ಗೌರಿ ಹತ್ಯೆಯನ್ನು ಶೋಧಿಸುತ್ತಿದ್ದ ಕರ್ನಾಟಕದ ವಿಶೇಷ ತನಿಖಾ ತಂಡಕ್ಕೇ ಒಪ್ಪಿಸಿತು.