ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ: ಕೋಶರಚನೆ, ಸಂತಾನೋತ್ಪತ್ತಿ

ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಕೋಶಕೇಂದ್ರವಿಲ್ಲದ ಸೂಕ್ಷ್ಮಜೀವಿಗಳ ಎರಡು ದೊಡ್ಡ ಗುಂಪುಗಳು. ಇವುಗಳ ಕೋಶ ಸಾಮಾನ್ಯವಾಗಿ ಕೆಲವೇ ಮೈಕ್ರೋಮೀಟರ್ ಉದ್ದವಿರುತ್ತದೆ. ಬಹುಪಾಲು ಜಾತಿಗಳಲ್ಲಿ ಡಿಎನ್‌ಎ ಉಂಗುರದ ಆಕಾರದಲ್ಲಿದ್ದು, ಸುತ್ತ ಪೊರೆಯಿಲ್ಲದೆ ಕೋಶದ್ರವದಲ್ಲೇ ಇರುತ್ತದೆ. ಪ್ರೋಟೀನು ತಯಾರಿಸುವ ರೈಬೋಸೋಮುಗಳು ಎರಡರಲ್ಲೂ 70ಎಸ್ ಗಾತ್ರದವು. ಇಷ್ಟೆಲ್ಲ ಹೋಲಿಕೆಯಿಂದಾಗಿ ಇವನ್ನು ಬಹುಕಾಲ ಒಂದೇ ವರ್ಗಕ್ಕೆ ಸೇರಿಸಲಾಗಿತ್ತು. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡಿದಾಗ, ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು (ಇವು ಆರ್ಕಿಯಾ ಗುಂಪಿನವು) ಬ್ಯಾಕ್ಟೀರಿಯಾದಿಂದ ತೀರ ದೂರದವೆಂದು ತಿಳಿದುಬಂತು. ಗೋಬರ್ ಗ್ಯಾಸ್ ತೊಟ್ಟಿಗಳಲ್ಲಿ ಅನಿಲ ಹುಟ್ಟಿಸುವವೂ ಇದೇ ಬಗೆಯವು. ಆಕಾರದ ಹೋಲಿಕೆಯೊಂದರಿಂದಲೇ ಬಾಂಧವ್ಯ ನಿರ್ಧರಿಸಲಾಗದು ಎಂಬುದನ್ನು ಕೋಶದ ರಸಾಯನವೂ ವಿಭಜನೆಯ ಕ್ರಮವೂ ತೋರಿಸುತ್ತವೆ.

ಮುಖ್ಯ ವ್ಯತ್ಯಾಸವಿರುವುದು ಕೋಶದ ಹೊರಗಟ್ಟಿನಲ್ಲಿ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಕೊಬ್ಬಿನಾಮ್ಲಗಳು ಗ್ಲಿಸರಾಲಿಗೆ ಎಸ್ಟರ್ ಬಂಧದಿಂದ ಕೂಡಿರುತ್ತವೆ. ಆರ್ಕಿಯಾದಲ್ಲಿ ಐಸೊಪ್ರಿನಾಯ್ಡ್ ಸರಪಳಿಗಳು ಈಥರ್ ಬಂಧದಿಂದ ಕೂಡಿರುತ್ತವೆ. ಕೆಲವು ಬ್ಯಾಕ್ಟೀರಿಯಾಗಳಲ್ಲೂ ಈಥರ್ ಬಂಧವಿದೆಯಲ್ಲ ಎಂದು ಕೇಳಬಹುದು. ಇದೆ, ನಿಜ, ಆದರೆ ಗ್ಲಿಸರಾಲ್ ಫಾಸ್ಫೇಟಿನ ವಿನ್ಯಾಸ ಎರಡು ಗುಂಪುಗಳಲ್ಲಿ ಎಡಗೈ ಬಲಗೈಗಳಂತೆ ಪರಸ್ಪರ ವಿರುದ್ಧ, ಅದನ್ನು ಕಟ್ಟುವ ಕಿಣ್ವಗಳೂ ಬೇರೆ. ಬಹುತೇಕ ಬ್ಯಾಕ್ಟೀರಿಯಾಗಳ ಕೋಶಭಿತ್ತಿ ಪೆಪ್ಟಿಡೋಗ್ಲೈಕ್ಯಾನ್‌ನಿಂದ ಆದದ್ದು. ಪೆನಿಸಿಲಿನ್ ತಡೆಯುವುದು ಇದರ ರಚನೆಯನ್ನೇ. ಆರ್ಕಿಯಾದಲ್ಲಿ ಈ ವಸ್ತು ಇಲ್ಲದಿರುವುದರಿಂದ ಅವುಗಳ ಮೇಲೆ ಆ ಔಷಧ ನಾಟುವುದಿಲ್ಲ. ಅನೇಕ ಆರ್ಕಿಯಾಗಳಿಗೆ ಪ್ರೋಟೀನಿನ ಕವಚವೇ ಹೊರಗೋಡೆ.

ಎರಡೂ ಗುಂಪುಗಳು ಮುಖ್ಯವಾಗಿ ದ್ವಿವಿದಳನದಿಂದ ಹೆಚ್ಚುತ್ತವೆ: ಡಿಎನ್‌ಎ ನಕಲಾಗುತ್ತದೆ, ಕೋಶ ಬೆಳೆದು ನಡುವೆ ಇಬ್ಭಾಗವಾಗುತ್ತದೆ. ಪೋಷಕಾಂಶ ಸಮೃದ್ಧವಾಗಿದ್ದರೆ ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ವಿಭಜಿಸುತ್ತದೆ. ಅದರ ಡಿಎನ್‌ಎ ನಕಲಾಗಲು ಸುಮಾರು 40 ನಿಮಿಷ ಬೇಕು. ಹಾಗಾಗಿ ಒಂದು ಸುತ್ತು ಮುಗಿಯುವ ಮೊದಲೇ ಮುಂದಿನ ಸುತ್ತು ಆರಂಭವಾಗಿರುತ್ತದೆ. ಕೋಶವನ್ನು ಬಿಗಿದು ಕತ್ತರಿಸುವ ಉಂಗುರವನ್ನು ಬಹುಪಾಲು ಬ್ಯಾಕ್ಟೀರಿಯಾಗಳಲ್ಲಿ ಎಫ್‌ಟಿಎಸ್‌ಝಡ್ ಎಂಬ ಪ್ರೋಟೀನು ರಚಿಸುತ್ತದೆ. ಅನೇಕ ಆರ್ಕಿಯಾಗಳಲ್ಲೂ ಅದಿದೆ. ಆದರೆ ಬಿಸಿನೀರಿನ ಆಮ್ಲೀಯ ಬುಗ್ಗೆಗಳ ಸಲ್ಫೊಲೋಬಸ್‌ನಲ್ಲಿ ಆ ಕೆಲಸ ಮಾಡುವುದು ಸಿಡಿವಿ ಪ್ರೋಟೀನುಗಳು. ಮನುಷ್ಯನ ಕೋಶಗಳು ಬೇರ್ಪಡುವ ಕೊನೆಯ ಹಂತದಲ್ಲಿ ದುಡಿಯುವ ಪ್ರೋಟೀನುಗಳಿಗೆ ಇವು ಸಂಬಂಧಿಗಳು. ಬ್ಯಾಕ್ಟೀರಿಯಾದ ಸಂಯೋಗ ಮತ್ತು ಬೀಜಕಗಳನ್ನು ಸಂತಾನೋತ್ಪತ್ತಿಯೆಂದು ಭಾವಿಸುವುದುಂಟು. ಸಂಯೋಗದಲ್ಲಿ ಜೀನುಗಳಷ್ಟೇ ಕೈ ಬದಲಾಗುತ್ತವೆ. ಒಂದು ಕೋಶದಿಂದ ಒಂದೇ ಅಂತರ್ಬೀಜಕ ಹುಟ್ಟುವುದರಿಂದ ಸಾಮಾನ್ಯವಾಗಿ ಅದು ಬದುಕುಳಿಯುವ ಉಪಾಯ ಮಾತ್ರ. ಎರಡರಲ್ಲೂ ಸಂಖ್ಯೆ ಹೆಚ್ಚುವುದಿಲ್ಲ.

ಈ ವಿಂಗಡಣೆಗೆ ವಿರೋಧವೂ ಬಂದಿದೆ. ಕೋಶಕೇಂದ್ರ ಇರುವಿಕೆಯೇ ಜೀವಜಗತ್ತಿನ ಮುಖ್ಯ ಗಡಿಯೆಂದು ಜೀವವಿಜ್ಞಾನಿ ಎರ್ನ್ಸ್ಟ್ ಮೇಯರ್ 1998ರಲ್ಲಿ ವಾದಿಸಿದರು. ರಚನೆಯ ಸಂಕೀರ್ಣತೆಯನ್ನು ಅಳೆಯಲು ಆ ಗಡಿ ಉಪಯುಕ್ತವೇ. ಆದರೆ ಒಂದು ಅಂಗದ ಅಭಾವ ಸಮಾನ ಪೂರ್ವಜರನ್ನು ಸೂಚಿಸಲಾರದು. ಗುಂಪುಗಳ ನಡುವೆ ಜೀನುಗಳು ಅಡ್ಡಡ್ಡ ಸಾಗುವುದರಿಂದ ವಂಶವೃಕ್ಷವೇ ಅಸ್ಪಷ್ಟ ಎಂಬ ಆಕ್ಷೇಪ ಇನ್ನೂ ಗಟ್ಟಿ. 1999ರಲ್ಲಿ ಓದಲಾದ ಥರ್ಮೊಟೋಗ ಬ್ಯಾಕ್ಟೀರಿಯಾದ ಜೀನುಗಳಲ್ಲಿ ಸುಮಾರು ಕಾಲುಭಾಗ ಆರ್ಕಿಯಾದ ಜೀನುಗಳನ್ನು ಹೆಚ್ಚು ಹೋಲುತ್ತಿದ್ದವು. ಹಾಗಿದ್ದೂ ಅದರ ರೈಬೋಸೋಮ್ ಬ್ಯಾಕ್ಟೀರಿಯಾದ್ದಾಗಿಯೇ ಉಳಿದಿದೆ. ಪರಿಸರಕ್ಕೆ ಹೊಂದಿಕೊಳ್ಳಲು ನೆರವಾಗುವ ಜೀನುಗಳು ಸುಲಭವಾಗಿ ಸಾಗುತ್ತವೆ. ಹಲವು ಭಾಗಗಳು ಕೂಡಿ ದುಡಿಯುವ ರೈಬೋಸೋಮಿನಂಥ ಮೂಲಯಂತ್ರದ ಜೀನುಗಳು ಅಷ್ಟು ಸುಲಭವಾಗಿ ಸಾಗುವುದಿಲ್ಲ. ಆದ್ದರಿಂದ ವರ್ಗೀಕರಣಕ್ಕೆ ಇವನ್ನೇ ಆಧಾರವಾಗಿ ಹಿಡಿಯುವುದು ಯುಕ್ತ.